ಯಾವ ಸಂಬಂಧ ಹಿಡಿದು ಅಳಲಿ

ಗುರುಬಸವ್ವ ಹೊಸ್ತಿಲು ದಾಟುವಷ್ಟರಲ್ಲೇ ನೆರೆಮನೆಯ ಸಿದ್ದಕ್ಕ ಅವಳ ರಟ್ಟೆ ಹಿಡಿದು ಎಳೆದು ಹೆಣದ ತಲೆದೆಸೆಗೆ ಕೂರಿಸಿದಳು.

"ಎಲ್ಲಿ ಹಾಳಾಗಿ ಹೋಗಿದ್ದಿ? ಫೋನ್ ಹಚ್ಚಿ ಹಚ್ಚಿ ಸಾಕಾತು. ಸತ್ತವರ ಮನಿ ಬಿಕೋ ಅನ್ನಾಕತ್ತೇತಿ. ಸುರು ಮಾಡು."

ದಾಂಡೇಲಿಯ ಆ ಓಣಿಯಲ್ಲಿ ಯಾರು ಸತ್ತರೂ ಹಾಡಿ ಅಳಲು ಗುರುಬಸವ್ವನೇ ಬರಬೇಕು. ಅವಳು ಬಾಯಿ ತೆರೆದರೆ ಸತ್ತವನನ್ನು ಬೈಯಲು ಬಂದವನೂ ಮೂಗು ಒರೆಸಿಕೊಳ್ಳುತ್ತಿದ್ದ. ಆದರೆ ಆ ಅಳುವಿಗೊಂದು ಕಟ್ಟು ಇತ್ತು. ಮೊದಲು ಸಂಬಂಧ ಹಿಡಿದು ಕರೆಯಬೇಕು: ಅಪ್ಪಾ, ಅಣ್ಣಾ, ಮಾವಾ. ಹಾಡು ಆಮೇಲೆ. ಇಂದು ಪುಂಡಲೀಕನ ಮುಖದ ಮುಂದೆ ಅವಳ ಬಾಯಿಗೆ ಯಾವ ಸಂಬಂಧವೂ ಬರಲಿಲ್ಲ.

"ಅಣ್ಣಾ ಅನ್ನು," ಸಿದ್ದಕ್ಕ ತಿವಿದಳು. "ಅಂವ ನಿನಗ ತಂಗಿ ಅಂತಿದ್ದಿಲ್ಲೇನು?"

* * *

ಅಂದಿದ್ದ, ಒಂದೇ ಸಲ.

ಹರೆಯದಲ್ಲಿ ಕಾಗದದ ಮಿಲ್ಲಿಗೆ ಬಿದಿರು ಒಟ್ಟುವ ಕೂಲಿ ಇಬ್ಬರದೂ. ರಾಶಿಯ ಆಚೆಯಿಂದ ಅವನು ಒಂದು ಸಾಲು ಕಟ್ಟಿ ಎಸೆಯುತ್ತಿದ್ದ: "ಕಾಳೀ ಹೊಳಿ ನೀರಾಗ ಕಾಲಿಟ್ಟು ಕುಂತೇನಿ." ಈಚೆಯಿಂದ ಅವಳು: "ನೀರ ಹರದ ಹೋದರೂ ನೀ ಹೋಗಬ್ಯಾಡ." ಎರಡು ಬೇಸಿಗೆ ಹೀಗೇ ಕಳೆದವು. ಮೂರನೆಯದಕ್ಕೆ ಬೆಳಗಾವಿ ಕಡೆಯ ತನ್ನೂರಿಗೆ ಹೋದವನು ಶಿವಗಂಗಾಳನ್ನು ಮದುವೆಯಾಗಿ ಕರೆತಂದ. ಬಸ್ ಸ್ಟ್ಯಾಂಡಿನಲ್ಲಿ ಎದುರಾದಾಗ ಹೆಂಡತಿಗೆ ಹೇಳಿದ: "ಇಕಿ ಗುರುಬಸವ್ವ. ನನ್ನ ತಂಗಿ ಇದ್ದಂಗ."

ಹೇಡಿ! ಅಂದಿನಿಂದ ಅವಳು ಅವನನ್ನು ಏನೆಂದೂ ಕರೆಯಲಿಲ್ಲ. ಬೇರೆಯವನನ್ನು ಕಟ್ಟಿಕೊಳ್ಳಲೂ ಇಲ್ಲ. ಊರ ಹೆಣಗಳಿಗೆ ಹಾಡಿದಳು. ಯಾರ ಮನೆಯಲ್ಲಿ ಹಾಡಿದರೂ ಹೊರಗೆ ಗಂಡಸರ ಹಿಂದೆ ಅವನು ನಿಂತು ಕೇಳುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಅವನಿಗೆ ಕೇಳಲೆಂದೇ ಹಾಡುತ್ತಿದ್ದಳು.

* * *

"ಗಂಟಲ ಕಟ್ಟೇತೇನ ನಿಂದು?" ಸಿದ್ದಕ್ಕ ಮತ್ತೆ ತಿವಿದಳು. "ಹಾಡಿಲ್ಲದ ಎತ್ತಿದರ ಅನಾಥ ಹೆಣ ಅಂತಾರ."

"ಅಣ್ಣಾ ಅನ್ನಾಂಗಿಲ್ಲ," ಗುರುಬಸವ್ವ ಸಿಡಿದಳು. "ನಾಲಿಗಿ ಕಿತ್ತ ಒಗದರೂ ಅನ್ನಾಂಗಿಲ್ಲ."

ಹೆಂಗಸರೆಲ್ಲ ತಲೆಯೆತ್ತಿದರು. ಗೋಡೆಗೊರಗಿದ್ದ ಶಿವಗಂಗಾ ಬೆಳಗಿನಿಂದ ಅತ್ತಿರಲಿಲ್ಲ. ಅವಳು ಗುರುಬಸವ್ವನನ್ನೇ ಬಹಳ ಹೊತ್ತು ನೋಡಿದಳು.

"ನನಗ ಹಾಡಾಕ ಬರೂದಿಲ್ಲ," ಎಂದಳು. "ನನ್ನ ಬದ್ಲಿ ಅಳು, ಗುರುಬಸವ್ವಾ. ನನ್ನ ಬಾಯಾಗಿ ಅಳು."

ಗುರುಬಸವ್ವ ಹೆಣದ ಮೇಲೆ ಬಿದ್ದಳು.

"ನನ್ನ ರಾಯಾ,
ಬಾರದವನ ದಾರಿ ಬಾಗಿಲದಾಗ ಕಾದೇನೋ,
ಕಾಯೂದರಾಗ ಮುದುಕ್ಯಾದೆ ನನ ರಾಯಾ,
ಇವತ್ತರ ನನ್ನ ಕಡೆ ಹೊರಳೋ!"

"ಇದೇನ ಹಾಡು?" ಸಿದ್ದಕ್ಕ ಗೊಣಗಿದಳು. "ಅಂವ ದಿನಾ ಮನಿಗೆ ಬರ್ತಿದ್ದನಲ್ಲ?"



ಚಟ್ಟ ಎದ್ದಿತು. ಗುರುಬಸವ್ವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಸಿದ್ದಕ್ಕ ಶಿವಗಂಗಾಳ ಬಳೆ ಒಡೆಯಲು ಕಲ್ಲು ಹಿಡಿದು ಕುಳಿತಾಗ ಇಬ್ಬರ ಕೈಗಳು ಮುಂದೆ ಬಂದವು.

"ನಿಂದ್ಯಾಕ ತರ್ತಿ? ತಗಿ ಆಕಡೆ," ಎಂದು ಸಿದ್ದಕ್ಕ ಗುರುಬಸವ್ವನ ಕೈಯನ್ನು ನೂಕಿದಳು.

ಹೊರಗೆ ಹಲಗೆ ಬಾರಿಸುವ ಸದ್ದು ಓಣಿ ದಾಟಿತು. ಗುರುಬಸವ್ವ ಆ ಕೈಯಿಂದಲೇ ಎದೆ ಬಡಿದುಕೊಂಡಳು. ಎಷ್ಟು ಬಡಿದುಕೊಂಡರೂ ಹಸಿರು ಬಳೆಗಳು ಗಲಗಲ ಅಂದವೇ ಹೊರತು ಒಂದೂ ಒಡೆಯಲಿಲ್ಲ.