ಮೈ ಒದರದ ಟಗರು

ಊರಲ್ಲಿ ಇಲಿಗಳು ಸತ್ತು ಬೀಳತೊಡಗಿದ ಮೇಲೆ ನಾವೆಲ್ಲ ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಬಯಲ ಅಂಚಿಗೆ ಬಂದು ಗುಡಿಸಲು ಹಾಕಿಕೊಂಡೆವು. ಎಂಟನೆಯ ದಿನ ನನ್ನ ಮಗಳು ರಂಗಕ್ಕನ ಕಂಕುಳಲ್ಲಿ ಪ್ಲೇಗಿನ ಗಡ್ಡೆ ಎದ್ದಿತು.

ನಾನು ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ಹೊಂದಿ ಮೂರು ವರ್ಷವಾಗಿತ್ತು. ಹೆಂಡತಿ ಬೋರಕ್ಕ ಹೊಂದಿರಲಿಲ್ಲ. ಹಿಂದೊಮ್ಮೆ ಮಗಳಿಗೆ ಜ್ವರ ಬಂದಾಗ ಅವಳು ಒಂದು ಮರಿಯ ಕಿವಿ ಸೀಳಿ ಮಾರಮ್ಮನಿಗೆ ಹರಕೆ ಬಿಟ್ಟಿದ್ದಳು. ಅದು ಬೆಳೆದು ಟಗರಾದರೂ ಬಲಿ ಕೊಡಲು ನಾನು ಒಪ್ಪಲಿಲ್ಲ. ದೇವರು ಜನರೊಂದಿಗೆ ಮಾಡಿಕೊಂಡ ಹಳೆಯ ಒಡಂಬಡಿಕೆಯಲ್ಲಿ ಕುರಿ ಹೋರಿಗಳ ರಕ್ತ ವರ್ಷ ವರ್ಷವೂ ಸುರಿಯಬೇಕಾಗಿತ್ತು, ಹೊಸದರಲ್ಲಿ ದೇವರ ಮಗನ ರಕ್ತ ಒಂದೇ ಸಾರಿ ಸುರಿದು ಮುಗಿಯಿತು ಎಂದು ಉಪದೇಶಿ ದಾಸಣ್ಣನವರು ಕಲಿಸಿದ್ದರು. ನಮ್ಮ ಕಡೆ ಬಲಿಯ ಟಗರಿನ ಬೆನ್ನಿಗೆ ನೀರು ಹಾಕುತ್ತಾರೆ. ಅದು ನೀರು ಕೊಡವಿಕೊಂಡು ಮೈ ಒದರಿದರೆ ದೇವಿ ಒಪ್ಪಿದಳೆಂದು ಕೊಯ್ಯುತ್ತಾರೆ. ಒದರದಿದ್ದರೆ ಕತ್ತಿ ಎತ್ತುವಂತಿಲ್ಲ. ನನ್ನ ದೇವರು ಅದನ್ನೆಲ್ಲ ಕಾಯುವವನಲ್ಲ ಎಂದು ನಾನು ಬೋರಕ್ಕನ ಮುಂದೆ ನಕ್ಕಿದ್ದೆ.

ರಂಗಕ್ಕನ ಮಾತು ತೊದಲತೊಡಗಿದಾಗ ಹರಕೆ ತೀರಿಸೆಂದು ಬೋರಕ್ಕ ನನ್ನ ಕಾಲು ಹಿಡಿದಳು. ಬೆಳಗಿನಿಂದ ಮೊಣಕಾಲೂರಿ ಪ್ರಾರ್ಥಿಸಿದ್ದೆ; ಜ್ವರ ಇಳಿದಿರಲಿಲ್ಲ. ಎದ್ದು ಟಗರಿನ ಹಗ್ಗ ಬಿಚ್ಚಿದೆ.

ಮಾರಮ್ಮನ ಕಲ್ಲಿನ ಮುಂದೆ ಒಂದು ಚೊಂಬು ನೀರು ಹಾಕಿದೆ. ಟಗರು ಸುಮ್ಮನೆ ನಿಂತಿತು. ಇನ್ನೊಂದು ಹಾಕಿದೆ. ಬಿಸಿಲು ನೆತ್ತಿಯಿಂದ ಇಳಿಯುವವರೆಗೂ ಕಾದೆ. ಅದರ ಕೊರಳು ತಬ್ಬಿ, ಒದರು ತಾಯಿ, ಒದರು ಎಂದು ಬೇಡಿಕೊಂಡೆ. ಅದು ನನ್ನ ಅಂಗೈ ನೆಕ್ಕಿತು.

ಟಗರನ್ನು ಹಿಡಿದುಕೊಂಡು ತಿರುಗಿ ಬರುವಷ್ಟರಲ್ಲಿ ರಂಗಕ್ಕ ತೀರಿಕೊಂಡಿದ್ದಳು. ಕೊನೆಗೆ ಅಪ್ಪ ಎಲ್ಲಿ ಎಂದು ಕೇಳಿದಳಂತೆ. ಹೆಂಗಸರು ಅವಳ ಮೈ ತೊಳೆಯುತ್ತಿದ್ದರು. ಆ ನೀರು ಟಗರಿಗೆ ಸಿಡಿಯಿತು. ಅದು ಕೊಂಬಿನಿಂದ ಬಾಲದವರೆಗೆ ಮೈ ಒದರಿತು.

ಬೋರಕ್ಕ ನೋಡಿದಳು.

“ಈಗ ಒಪ್ಕೊಂಡ್ಳು,” ಅಂದಳು. ನನ್ನ ಕಡೆ ತಿರುಗಿ, “ನಾನೇನೋ ಕಾಲು ಹಿಡಿದೆ. ನಿನ್ ದೇವ್ರು ಇದನ್ನ ಕಾಯಲ್ಲ ಅಂತ ನೀನೇ ಅಂದಿದ್ದೆ. ನೀನ್ಯಾಕೆ ಕಾದೆ? ಮಗಳ ತಾವ ಕೂತಿರ್ಬಾರ್ದಿತ್ತಾ?”

ಮಣ್ಣು ಮಾಡಲು ದಾಸಣ್ಣನವರು ಬಂದರು. ಗುಂಡಿಯ ಬಳಿ ಎಲ್ಲವನ್ನೂ ಹೇಳಿದೆ. ಹಳೆಯದು ನನ್ನನ್ನು ಒಪ್ಪಲಿಲ್ಲ, ಹೊಸ ಒಡಂಬಡಿಕೆಯನ್ನು ನಾನೇ ಮುರಿದೆ, ಇನ್ನು ನನಗೆ ಯಾವುದೂ ಇಲ್ಲ ಎಂದೆ.

ಅವರು ಬೈಯಲಿಲ್ಲ. “ಮುರಿದೋರಿಗೇ ಅಲ್ವಾ ಓಬಳಪ್ಪ, ಹೊಸದು ಕೊಟ್ಟಿದ್ದು? ಮುರೀದೆ ಇದ್ದೋರಿಗೆ ಅದ್ಯಾಕೆ ಬೇಕಿತ್ತು?”

ನಿಜವಿರಬಹುದು. ಕೈ ಮುಗಿಯಹೋದೆ, ಅಂಗೈಯಲ್ಲಿ ಇನ್ನೂ ಟಗರಿನ ವಾಸನೆಯಿತ್ತು. ಕರ್ತನೇ, ನಾನು ನಿನ್ನನ್ನು ಹಿಡಿದುಕೊಳ್ಳಲಾರೆ, ಹಿಡಿಯುವುದಾದರೆ ನೀನೇ ನನ್ನನ್ನು ಹಿಡಿ ಎಂದೆ. ಮಗ್ಗುಲಲ್ಲಿ ಬೋರಕ್ಕ, ಮಗುವನ್ನು ಮಲಗಿಸುವವಳಂತೆ, ಮಣ್ಣು ತಟ್ಟುತ್ತಲೇ ಇದ್ದಳು.