ರೇಡಿಯೇಟರಿಗೆ ಏನು ಹಾಕಿದಿರಿ?

ವಿಜಯಪುರ ಜಿಲ್ಲೆಯ ತಿಕೋಟಾ ಸುತ್ತಿನ ಬೋರಿನ ನೀರು ಗಡಸು. ಕಾಯಿಸಿದ ಪಾತ್ರೆಗೆ ಬಿಳಿ ಪದರು ಕೂಡುತ್ತದೆ. ದ್ರಾಕ್ಷಿ ತೋಟದ ಡ್ರಿಪ್ ಪೈಪಿನ ತೂತುಗಳೂ ಅದೇ ಉಪ್ಪಿನಿಂದ ಕಟ್ಟಿಕೊಳ್ಳುತ್ತವೆ. ಆಗ ರೈತರು ಪೈಪಿಗೆ ಆಸಿಡ್ ಬಿಟ್ಟು ತೊಳೆಯುತ್ತಾರೆ. ಇಲ್ಲಿ ಎಲ್ಲರಿಗೂ ಗೊತ್ತಿರುವ ಕೆಲಸ ಇದು.

ಚಮನಸಾಬರಿಗೆ ತೋಟವೂ ಇತ್ತು, ಹತ್ತು ಗಾಲಿಯ ಒಂದು ಲಾರಿಯೂ ಇತ್ತು. ಹರೆಯದಿಂದ ತಾವೇ ಓಡಿಸಿದವರು. ಈಗ ಮಗ ಯಾಸೀನ ಒಣದ್ರಾಕ್ಷಿ ತುಂಬಿಕೊಂಡು ಘಟ್ಟ ಇಳಿದು ಗೋವಾಕ್ಕೆ ಹೋಗುತ್ತಾನೆ. ಲಾರಿ ಇರುವುದು ಸೊಸೆ ಸಮ್ರೀನಳ ಹೆಸರಿನಲ್ಲಿ.

ಈ ಬೇಸಿಗೆಯಲ್ಲಿ ಎಂಜಿನ್ ಬೇಗ ಬಿಸಿಯಾಗತೊಡಗಿತು. ಎಂಜಿನ್ನಿನ ಬಿಸಿ ಹೊತ್ತು ಬಂದ ನೀರನ್ನು ಗಾಳಿಗೆ ತಣಿಸುವ ಜಾಲರಿಯೇ ರೇಡಿಯೇಟರ್. ಅದರ ಬಾಯಲ್ಲೇ ಬಿಳಿ ಹರಳು ಕಟ್ಟಿತ್ತು. ಕೊಂಡಾಗಿನಿಂದ ಅದಕ್ಕೆ ಬೋರಿನ ನೀರನ್ನೇ ಸುರಿದಿದ್ದರು.

ಒಂದು ಬೆಳಿಗ್ಗೆ ಯಾಸೀನ ಇನ್ನೂ ಮಲಗಿದ್ದ. ಚಮನಸಾಬರು ಡ್ರಿಪ್ಪಿಗೆಂದು ತಂದಿದ್ದ ಆಸಿಡ್ ಕ್ಯಾನ್ ಎತ್ತಿ ರೇಡಿಯೇಟರಿಗೆ ಬಗ್ಗಿಸಿದರು. ಬಟ್ಟೆ ಒಣಹಾಕುತ್ತಿದ್ದ ಸಮ್ರೀನ ಅದನ್ನು ಕಂಡಳು. ಘಾಟಿಗೆ ಮೂಗು ಮುಚ್ಚಿಕೊಂಡಳು. ಮಾವನನ್ನು ಕೇಳುವುದು ಹೇಗೆಂದು ಸುಮ್ಮನೆ ಒಳಗೆ ಹೋದಳು.

ಒಂದೆರಡು ದಿನ ಲಾರಿ ತಣ್ಣಗೇ ಓಡಿತು. ಚಮನಸಾಬರು ಯಾರಿಗೂ ಏನೂ ಹೇಳಲಿಲ್ಲ. ಆದರೆ ಊಟಕ್ಕೆ ಕೂತಾಗ ಮುಖದಲ್ಲಿ ಗೆಲುವಿತ್ತು.

ಮುಂದಿನ ಲೋಡಿಗೆ ಬಬಲೇಶ್ವರ ದಾಟುವುದರೊಳಗೆ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ಯಾಸೀನ ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದ. ರೇಡಿಯೇಟರಿನ ಮುಚ್ಚಳ ಮುಟ್ಟಲಿಲ್ಲ. ಮುಟ್ಟಿದ್ದರೆ ಕುದಿನೀರು ಮುಖಕ್ಕೇ ಸಿಡಿಯುತ್ತಿತ್ತು. ಮಾಲನ್ನು ಬೇರೆ ಲಾರಿಗೆ ಹೇರಿ, ತನ್ನ ಲಾರಿಯನ್ನು ವಿಜಯಪುರದ ಗ್ಯಾರೇಜಿಗೆ ಎಳೆಸಿಕೊಂಡು ಹೋದ. ಮೇಸ್ತ್ರಿ ನೋಡಿ, ಜಾಲರಿ ತುಂಬ ಸೂಜಿ ತೂತು ಬಿದ್ದಿವೆ, ಹೊಸ ರೇಡಿಯೇಟರೇ ಬೇಕು ಎಂದ.

ಲಾರಿಯ ಆರ್‌ಸಿ ಹಿಡಿದು ಸಮ್ರೀನ, ಅವಳ ಜೊತೆ ಚಮನಸಾಬರು, ಬಿಡಿಭಾಗದ ಅಂಗಡಿಗೆ ಬಂದರು. ಕೌಂಟರಿನಲ್ಲಿ ಸಂಘಮಿತ್ರಾ ಇದ್ದಳು. ಕನಮಡಿಯವಳು, ಸಮ್ರೀನಳ ಕಾಲೇಜಿನ ಗೆಳತಿ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಈ ಕೆಲಸಕ್ಕೆ ಸೇರಿದ್ದಳು.

ಬೋಲ್ಟು ಕೂಡುವಂಥ ಯಾವುದಾದರೂ ಅಗ್ಗದ ರೇಡಿಯೇಟರ್ ಕೊಡು ಎಂದರು ಚಮನಸಾಬರು. ಥರ್ಮೋಸ್ಟಾಟ್ ವಾಲ್ವ್ ಬೇಡವೇ ಬೇಡ, ನಮ್ಮ ಬಿಸಿಲಿಗೆ ಅದನ್ನು ಕಿತ್ತೇ ಒಗೆಯಬೇಕು ಎಂದರು. ಸಂಘಮಿತ್ರಾ ಆರ್‌ಸಿ ಕೇಳಿ ಚಾಸಿ ನಂಬರ್ ನೋಡತೊಡಗಿದಳು.

“ನೀ ಯಾವಾಗರ ಲಾರಿ ಹೊಡದಿ ಏನ ಬೇ?” ಎಂದರು ಚಮನಸಾಬರು.

“ಇಲ್ರಿ ಕಾಕಾ. ಹೊಡದು ಕೆಡಿಸ್ಕೊಂಡವರೆಲ್ಲಾ ನನ್ನ ಕಡೆನ ಬರ್ತಾರ್ರಿ.”

ಚಮನಸಾಬರಿಗೂ ನಗು ಬಂತು. ಸಂಘಮಿತ್ರಾ ಬಿಡಿಸಿ ಹೇಳಿದಳು. ಜಾಲರಿ ತೆಳುವಾಗಿದ್ದರೆ ಖಾಲಿ ಗಾಡಿಗೆ ನಡೆಯುತ್ತದೆ, ಲೋಡ್ ಹೊತ್ತು ಘಟ್ಟ ಏರುವಾಗ ಸಾಲುವುದಿಲ್ಲ. ಅದಕ್ಕೇ ಚಾಸಿ ನಂಬರಿಗೆ ಹೊಂದುವುದನ್ನೇ ತೆಗೆದುಕೊಳ್ಳಬೇಕು. ಎಂಜಿನ್ ಕಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವ ಆ ವಾಲ್ವ್ ಕಿತ್ತರೆ ಎಂಜಿನ್ ಸರಿಯಾದ ಬಿಸಿಗೆ ಬರದೆ ಡೀಸೆಲ್ ಹೆಚ್ಚು ತಿನ್ನುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಬಿಸಿನೀರು ರೇಡಿಯೇಟರಿಗೆ ಪೂರ್ತಿ ಹೋಗದೆ ಹಾಗೇ ತಿರುಗಿ, ಮತ್ತಷ್ಟು ಬಿಸಿಯಾಗುತ್ತದೆ.

ಇಷ್ಟು ಹೇಳಿ, ಹಳೆಯದು ಹೇಗೆ ಕೆಟ್ಟಿತು ಎಂದು ಕೇಳಿದಳು.

“ಹಳೇದಾಗಿತ್ತು, ಹೋತು,” ಎಂದು ಚಮನಸಾಬರು ಗೋಡೆಗೆ ತೂಗುಹಾಕಿದ್ದ ಬೆಲ್ಟುಗಳನ್ನು ನೋಡತೊಡಗಿದರು.

ಸಮ್ರೀನ ಮಾವನತ್ತ ನೋಡಿದಳು. ಈಗ ಸುಮ್ಮನಿದ್ದರೆ ಇವತ್ತೇ ರೇಡಿಯೇಟರ್ ಕೂರುತ್ತದೆ. ನಾಳೆ ಯಾಸೀನ ಘಟ್ಟದಲ್ಲಿರುತ್ತಾನೆ. ಅವಳು ತಲೆ ತಗ್ಗಿಸಿಕೊಂಡೇ ಕೇಳಿದಳು.

“ಸಂಘಮಿತ್ರಾ, ಡ್ರಿಪ್ಪಿಗಿ ಬಿಡೋ ಆಸಿಡ್ ಯಾರರ ರೇಡಿಯೇಟರಿಗಿ ಹಾಕಿದ್ರ ಏನಾಗತೈತಿ?”

ಸಂಘಮಿತ್ರಾ ಬಿಲ್ ಬರೆಯುವುದನ್ನು ನಿಲ್ಲಿಸಿದಳು.

“ಡ್ರಿಪ್ಪಿನ ಪೈಪ್ ಪ್ಲಾಸ್ಟಿಕ್, ತಡಕೋತೈತಿ. ಇದು ಅಲ್ಯೂಮಿನಿಯಂ. ಆಸಿಡ್ ಉಪ್ಪಿನ ಸಂಗಟ ಇದನ್ನೂ ತಿಂತೈತಿ. ಎಂಜಿನ್ ಒಳಗ ಒಂದೀಟು ಉಳದಿದ್ರೂ ಹೊಸಾದನ್ನೂ ಬಿಡಂಗಿಲ್ಲ.”

ಚಮನಸಾಬರು ಬೆಲ್ಟುಗಳನ್ನು ಬಿಟ್ಟು ಕೌಂಟರಿನ ಹತ್ತಿರ ಬಂದರು. ಹೊರಗೆ ಒಂದು ಟ್ರ್ಯಾಕ್ಟರ್ ಹಾದುಹೋಯಿತು.

“ಯಾರೋ ಅಲ್ಲ ಬೇ, ನಾನ ಹಾಕೇನಿ,” ಎಂದರು ಚಮನಸಾಬರು. ಆಮೇಲೆ ಸೊಸೆಯ ಕಡೆ ತಿರುಗಿದರು. “ನೀ ನೋಡಿದ್ದಿ?”

“ನೋಡಿದ್ನಿರಿ ಅಬ್ಬಾ.”

“ಅವತ್ತ ಕೇಳಬೇಕಿತ್ತು.”

“ಕೇಳಿದ್ರ ನೀವು ಸಿಟ್ಟಿಗೇಳ್ತಿದ್ರಿ.”

“ಏಳ್ತಿದ್ದೆ,” ಎಂದರು. “ಆದ್ರೂ ಕೇಳಬೇಕಿತ್ತು.”

ಸಂಘಮಿತ್ರಾ ಗ್ಯಾರೇಜಿಗೆ ಫೋನ್ ಮಾಡಿ, ಎಂಜಿನ್ನಿನ ಒಳಗನ್ನು ನೀರು ಹಾಯಿಸಿ ಮತ್ತೆ ಮತ್ತೆ ತೊಳೆಯದೆ ಏನನ್ನೂ ಕೂರಿಸಬೇಡಿ, ನೀರು ತಿರುಗಿಸುವ ವಾಟರ್ ಪಂಪ್ ಬಿಚ್ಚಿ ನೋಡಿ ಎಂದಳು. ರೇಡಿಯೇಟರಿನ ಜೊತೆಗೆ ಹೊಸ ರಬ್ಬರ್ ಹೋಸುಗಳನ್ನೂ ವಾಲ್ವನ್ನೂ ತೆಗೆದಿಟ್ಟಳು. ರೇಡಿಯೇಟರಿನ ಮುಚ್ಚಳದ ಮೇಲೆ ಒತ್ತಡದ ಅಂಕಿ ಇರುತ್ತದೆ, ಕಂಪನಿ ಹೇಳಿದ ಅಂಕಿಯದೇ ಬೇಕು ಎಂದು ತೋರಿಸಿಕೊಟ್ಟಳು. ಕೊನೆಗೆ ಕೂಲಂಟ್ ಡಬ್ಬಿ ಇಟ್ಟಳು. ಬಣ್ಣದ ನೀರು ಯಾಕೆ ಎಂದು ಚಮನಸಾಬರು ಕೇಳಿಯೇ ಕೇಳಿದರು. ಅದು ಉಪ್ಪನ್ನಾಗಲಿ ತುಕ್ಕನ್ನಾಗಲಿ ಕಟ್ಟಲು ಬಿಡುವುದಿಲ್ಲ, ಬೇಗ ಕುದಿಯುವುದೂ ಇಲ್ಲ ಎಂದಳು. ಅವರು ಡಬ್ಬಿಯನ್ನು ತಾವೇ ಎತ್ತಿಕೊಂಡರು.

ಗ್ಯಾರೇಜಿನಲ್ಲಿ ಚಮನಸಾಬರು ಮಗನಿಗೆ ತಾವಾಗಿಯೇ ಎಲ್ಲ ಹೇಳಿದರು. ಅಷ್ಟರಲ್ಲಿ ಮೇಸ್ತ್ರಿ ವಾಟರ್ ಪಂಪ್ ಬಿಚ್ಚಿ ಅಂಗೈಯಲ್ಲಿ ಹಿಡಿದು ತೋರಿಸಿದ. ಒಳಗಿನ ಸೀಲು ಸವೆದು ನೀರು ಜಿನುಗಿದ ಗುರುತಿತ್ತು. ಬರೀ ರೇಡಿಯೇಟರ್ ಬದಲಿಸಿ ಕಳಿಸಿದ್ದರೆ ಘಟ್ಟದ ನಡುವೆ ನಿಲ್ಲುತ್ತಿತ್ತು ಎಂದ. ಪಂಪನ್ನೂ ಬದಲಿಸಿದರು. ಅದಾದ ಮೇಲೆಯೇ ಲಾರಿ ರಸ್ತೆಗೆ ಇಳಿಯಿತು.

ಲಾರಿ ಮಾಲಕರೇ, ಚಾಲಕರೇ, ರೇಡಿಯೇಟರಿಗೆ ಬೋರಿನ ನೀರು ಬೇಡ, ಆಸಿಡ್ ಬೇಡವೇ ಬೇಡ. ಕಂಪನಿ ಹೇಳಿದ ಕೂಲಂಟನ್ನೇ ಹಾಕಿ. ಭಾಗಗಳನ್ನು ಚಾಸಿ ನಂಬರ್ ತೋರಿಸಿ ಕೊಳ್ಳಿ. ತಪ್ಪು ಆಗಿದ್ದರೆ ಮೇಸ್ತ್ರಿಗೆ ಮುಚ್ಚಿಡಬೇಡಿ, ಮೊದಲೇ ಹೇಳಿಬಿಡಿ. ಮನೆಯಲ್ಲಿ ಅವರ ದಾರಿ ನೋಡುವ ಅಕ್ಕ ತಂಗಿಯರೇ, ಇದು ಗಂಡಸರ ಕೆಲಸವೆಂದು ಸುಮ್ಮನಿರಬೇಡಿ. ಕಂಡದ್ದನ್ನು ಕೇಳಿ. ಲಾರಿ ಹೊರಡುವ ಮೊದಲೇ ಕೇಳಿ.