ಹೋರಿ ಯಾರ ಬಾಗಿಲಿಗೆ

ಈ ಚಹಾಕ್ಕೆ ಏಲಕ್ಕಿ ಹಾಕಿದ್ದಾರೆ, ಹಾಲೂ ಹಾಕಿದ್ದಾರೆ, ಸಕ್ಕರೆ ಮಾತ್ರ ಹಾಕಿಲ್ಲ, ಪರದೇಶದ ಹೆಂಗಸಿಗೆ ಹೆದರಿ ಕೈ ಬಿಗಿಹಿಡಿದಿರಬೇಕು — ನಮ್ಮ ತಯೀಜ್ ಊರಿನಲ್ಲಿ ಇಷ್ಟು ಸಪ್ಪೆ ಚಹಾವನ್ನು ಸಾವಿನ ಮನೆಯಲ್ಲೂ ಕೊಡುವುದಿಲ್ಲ, ನನ್ನ ಅಶ್ಜಾನ್ ಹೋದ ದಿನ ಪಕ್ಕದ ಮನೆಯವರು ಸಕ್ಕರೆ ಸುರಿದೇ ತಂದಿದ್ದರು, ಕುಡಿದೆ, ಮಗಳನ್ನು ಮಣ್ಣಿಗೆ ಕೊಟ್ಟು ಬಂದ ದಿನವೂ ಕುಡಿದೆನಲ್ಲ ಅಂತ ಈಗ ನಾಚಿಕೆ. ಇದು ಅವಳು ಓದಿದ ತರಗತಿ, ಗೋಡೆಯ ಮೇಲೆ ಅಕ್ಷರಮಾಲೆ ಇನ್ನೂ ಇದೆ, ಅದರ ಕೆಳಗೆ ಕದನವಿರಾಮ ಸಮಿತಿ ಕುಳಿತಿದೆ, ನಡುವೆ ನೀಲಿ ಅಂಗಿಯ ಆ ಪರದೇಶದ ಹೆಂಗಸು, ಅವಳ ಬಲಕ್ಕೆ ಬೆಟ್ಟದವರ ಅಧಿಕಾರಿ, ಎಡಕ್ಕೆ ಊರೊಳಗಿನವರ ಅಧಿಕಾರಿ, ವರ್ಷಗಟ್ಟಲೆ ಒಬ್ಬರ ತಲೆಯ ಮೇಲೊಬ್ಬರು ಶೆಲ್ ಸುರಿದವರು ಈಗ ಬಿಸ್ಕತ್ತಿನ ತಟ್ಟೆ ಸರಿಸುತ್ತಿದ್ದಾರೆ, ನೀವು ತಗೊಳ್ಳಿ, ಅಯ್ಯೋ ಮೊದ್ಲು ನೀವು ತಗೊಳ್ಳಿ. ಮಾತು ದಾಟಿಸುವ ರಶೀದಾ ನಮ್ಮ ಕೇರಿಯವಳೇ, ನನ್ನ ಮೊಣಕೈ ಮುಟ್ಟುತ್ತಾಳೆ, ಹೇಳಿ ಉಮ್ಮ್ ಅಶ್ಜಾನ್, ಹೆದರ್ಬೇಡಿ, ಇವ್ರು ಒಳ್ಳೇವ್ರು. ಉಮ್ಮ್ ಅಶ್ಜಾನ್, ಅಶ್ಜಾನಳ ತಾಯಿ, ಮಗಳು ಹೋದರೂ ಊರು ನನ್ನನ್ನು ಅವಳ ಹೆಸರಿನಿಂದಲೇ ಕರೆಯುತ್ತದೆ, ಬೇರೆ ಏನಂತ ಕರೆದಾರು. ಕಿಟಕಿಯಾಚೆ ಅಬ್ದುಲ್ ಬಾರಿ ಕೂತಿದ್ದಾನೆ, ನನ್ನ ಗಂಡ, ಶಾಲೆಯ ಕಟ್ಟೆಯ ಮೇಲೆ, ಕೈಗಳನ್ನು ತೊಡೆಯ ಸಂದಿಯಲ್ಲಿ ಬಚ್ಚಿಟ್ಟುಕೊಂಡು, ಒಳಗೆ ಬಾ ಅಂದರೆ ಬರಲಿಲ್ಲ, ನೀನೇ ಕೇಳ್ಕೊಂಡು ಬಾ ಅಂದ.

ಹೇಳುತ್ತೇನೆ, ಹೇಳುತ್ತಲೇ ಇದ್ದೇನೆ ಅನ್ನಿಸುತ್ತದೆ, ಬಾಯಿಂದ ಎಷ್ಟು ಹೊರಬಿತ್ತೋ ಗೊತ್ತಿಲ್ಲ — ದೂರದ ಚಳಿ ದೇಶದ ಹೋಟೆಲಿನಲ್ಲಿ ಈ ಎರಡೂ ಕಡೆಯ ದೊಡ್ಡವರು ಬೇರೆ ಬೇರೆ ಕೋಣೆಯಲ್ಲಿ ಕೂತಿದ್ದರಂತೆ, ಮುಖ ನೋಡುವುದಿಲ್ಲವೆಂಬ ಹಟ, ರಾಯಭಾರಿ ಮುದುಕ ಕಾಗದ ಹಿಡಿದು ಈ ಕೋಣೆಯಿಂದ ಆ ಕೋಣೆಗೆ, ಆ ಕೋಣೆಯಿಂದ ಈ ಕೋಣೆಗೆ, ಪಾಪ, ಅವನ ಕಾಲು ನೋವಿಗೆ ನಾನು ಟಿವಿಯ ಮುಂದೆ ದುವಾ ಮಾಡಿದ್ದೆ, ಆಮೇಲೆ ಒಂದು ಸಂಜೆ ಕದನವಿರಾಮಕ್ಕೆ ಒಪ್ಪಿ ಕೈ ಕುಲುಕಿದರು, ಟಿವಿಯಲ್ಲಿ ತೋರಿಸಿದರು, ಕೇರಿಯ ಹೆಂಗಸರೆಲ್ಲ ನಾಲಿಗೆ ಹೊರಳಿಸಿ ಕೂಗಿದರು, ಮದುವೆಯಂತೆ, ಮತ್ತೆ ಮದುವೆಯಂತೆಯೇ ಬಂದೂಕುಗಳು, ಬೆಟ್ಟದಿಂದ, ಊರಿನಿಂದ, ಆಕಾಶಕ್ಕೆ ಕೆಂಪು ಕಿಡಿ, ಅಷ್ಟು ವರ್ಷಗಳಲ್ಲಿ ಎರಡೂ ಕಡೆಯವರು ಕೂಡಿ ಮಾಡಿದ ಕೆಲಸ ಅದೊಂದೇ. ಅಶ್ಜಾನ್ ಬಾಗಿಲಲ್ಲಿ ಕುಳಿತಳು. ಕುಣಿದು ಸುಸ್ತಾಗಿದೆ ಅಂದುಕೊಂಡೆ, ಏಳೇ, ಹೊಸಿಲ ಮೇಲೆ ಕೂರಬಾರ್ದು ಅಂತ ಬೈದೆ, ತಲೆ ಮುಟ್ಟಿದಾಗ ಬೆರಳು ಒದ್ದೆ. ಈಗ ಬೆಟ್ಟದವರ ಅಧಿಕಾರಿ ತಲೆ ತಗ್ಗಿಸಿ ಹೇಳುತ್ತಾನೆ, ದೇವ್ರು ಅವಳಿಗೆ ಸ್ವರ್ಗ ಕೊಡ್ಲಿ ತಾಯಿ, ಆದ್ರೆ ನಮ್ಮವರ ಗುಂಡು ಅಷ್ಟು ದೂರ ಬರಲ್ಲ. ಊರಿನವರ ಅಧಿಕಾರಿ, ನಮ್ಮವ್ರು ಆಚೆ ಕಣಿವೆ ಕಡೆ ಹೊಡೆದಿದ್ದು ಅಕ್ಕಾ, ಆಣೆ ಮಾಡ್ತೀನಿ. ನೀಲಿ ಅಂಗಿಯವಳು ಏನೋ ಹೇಳಿದಳು, ಅವಳ ಕಣ್ಣು ತುಂಬಿದೆ, ರಶೀದಾ ನೆಲ ನೋಡುತ್ತಾ ದಾಟಿಸುತ್ತಾಳೆ, ಒಬ್ರ ಮೇಲೆ ಒಬ್ರು ಹೊಡೆದ್ರೆ ಮಾತ್ರ ಉಲ್ಲಂಘನೆ ಅಂತೆ, ಇದು ಸಂಭ್ರಮಕ್ಕೆ ಹೊಡೆದದ್ದು, ಇದಕ್ಕೆ ಒಪ್ಪಂದದಲ್ಲಿ ಜಾಗ ಇಲ್ವಂತೆ.

ಜಾಗ ಬೇಡ, ನನಗೆ ಒಪ್ಪಂದದಲ್ಲಿ ಜಾಗ ಯಾಕೆ, ನನ್ನ ಅಪ್ಪನ ಹಳ್ಳಿಯಲ್ಲಾದರೆ ಗುಂಡು ತಪ್ಪಿ ಯಾರಿಗಾದರೂ ಬಿದ್ದರೆ ಹೊಡೆದವರ ಕಡೆಯವರು ಹೋರಿ ಹೊಡೆದುಕೊಂಡು ಬಾಗಿಲಿಗೆ ಬರುತ್ತಿದ್ದರು, ಸೊಂಟದ ಕಠಾರಿ ಬಿಚ್ಚಿ ನೆಲಕ್ಕಿಟ್ಟು ತಪ್ಪು ನಮ್ದು ಅನ್ನುತ್ತಿದ್ದರು, ಹೋರಿಯನ್ನು ಅಲ್ಲೇ ಕಡಿಯುತ್ತಿದ್ದರು, ಅಲ್ಲಿಗೆ ಮುಗಿಯಿತು, ಸತ್ತವರು ಬರುತ್ತಿರಲಿಲ್ಲ, ಇದ್ದವರು ಮಲಗುತ್ತಿದ್ದರು. ನಿಮ್ಮಿಬ್ಬರಲ್ಲಿ ಒಬ್ಬರು ಅನ್ನಿ, ಯಾರಾದರೂ ಸರಿ, ಸುಳ್ಳಾದರೂ ಸರಿ, ಹೋರಿಯೂ ಬೇಡ, ತಪ್ಪು ನಮ್ದು ಅನ್ನಿ ಸಾಕು, ಕಟ್ಟೆಯ ಮೇಲೆ ಕೂತ ಆ ಮನುಷ್ಯ ಇವತ್ತು ಒಂದು ತುತ್ತು ಉಣ್ಣುತ್ತಾನೆ. ಯಾಕೆಂದರೆ ಅವನೂ ಹೊಡೆದ. ಎಲ್ಲರ ಮನೆಯ ಗೂಟದಲ್ಲಿ ತೂಗುವ ಬಂದೂಕೇ ನಮ್ಮ ಮನೆಯದೂ, ಈದ್‌ಗೆ ಹೊಡೆಯುತ್ತಾನೆ, ತಮ್ಮನ ಮದುವೆಗೆ ಹೊಡೆದಿದ್ದ, ಆ ಸಂಜೆ ಓಣಿಯಲ್ಲಿ ನಿಂತು ಹೊಡೆದ, ನಾನೇ ನೋಡಿದೆ, ನನಗೂ ಖುಷಿಯಾಗಿತ್ತು. ಈಗ ದಿನಾ ಮಧ್ಯಾಹ್ನ ಅಗಿಯುತ್ತಿದ್ದ ಖಾತ್ ಎಲೆಯನ್ನೂ ಮುಟ್ಟುವುದಿಲ್ಲ, ಗೋಡೆಗೆ ಮುಖ ಮಾಡಿ ಮಲಗುತ್ತಾನೆ, ಒಂದು ದಿನ ಗೋಡೆಯನ್ನೇ ಕೇಳಿದ, ನೆಟ್ಟಗೆ ಮೇಲೆ ಹೋದ ಗುಂಡು ಎಲ್ಲಿ ಬೀಳತ್ತೆ — ಬೆಟ್ಟದ ಕಡೆ ಬೀಳತ್ತೆ ಕಣೋ, ಗಾಳಿ ಎಳ್ಕೊಂಡು ಹೋಗತ್ತೆ, ಅಂದೆ, ಗಾಳಿಯ ವಿಷಯ ನನಗೇನು ಗೊತ್ತು. ಮಾವನನ್ನು ಕೇಳಿದ್ದೆ, ಎಷ್ಟೋ ರಾಜಿ ಮಾಡಿಸಿದ ಮನುಷ್ಯ, ಗಡ್ಡ ಹಿಡಿದುಕೊಂಡು, ತಪ್ಪು ಮನೆಯೊಳಗೇ ಇದ್ರೆ ಹೋರೀನ ಯಾರ ಬಾಗಿಲಿಗೆ ಹೊಡ್ಕೊಂಡು ಹೋಗೋದು ಮಗಳೇ ಅಂದ. ಅದಕ್ಕೇ ಇಲ್ಲಿಗೆ ಬಂದೆ, ಜಗತ್ತಿನ ದೇಶಗಳೆಲ್ಲ ಸೇರಿ ಕಳಿಸಿದವರಿದ್ದಾರೆ, ಇವರಿಗೊಂದು ಬಾಗಿಲು ಗೊತ್ತಿರುತ್ತದೆ ಅಂತ.

ನೀಲಿ ಅಂಗಿಯವಳು ಈಗ ನನ್ನ ಕೈ ಹಿಡಿದಿದ್ದಾಳೆ, ಮೆತ್ತಗಿನ ಕೈ, ಮೆಲ್ಲಗೆ ಏನೋ ಕೇಳುತ್ತಿದ್ದಾಳೆ, ರಶೀದಾ ಕೂಡಲೇ ದಾಟಿಸುವುದಿಲ್ಲ, ಅವಳು ನಮ್ಮ ಕೇರಿಯವಳು, ಆ ಸಂಜೆ ಮಾಳಿಗೆಯ ಮೇಲಿಂದ ಎಲ್ಲ ನೋಡಿದ್ದಳು — ನಿಮ್ಮ ಓಣೀಲಿ ಯಾರಾದ್ರೂ ಹೊಡೀತಾ ಇದ್ರಾ ಅಂತ ಕೇಳ್ತಿದ್ದಾರೆ, ಉಮ್ಮ್ ಅಶ್ಜಾನ್. ಇಬ್ಬರು ಅಧಿಕಾರಿಗಳೂ ತಟ್ಟೆ ಬಿಟ್ಟು ನನ್ನ ಕಡೆ ವಾಲುತ್ತಾರೆ, ಇಬ್ಬರದೂ ಒಂದೇ ಮುಖ, ಹೇಳಿ ತಾಯಿ, ಹೌದು ಹೇಳಿ ಅಕ್ಕಾ, ಯಾರಾದ್ರೂ? ಇಲ್ಲ ಅನ್ನಬೇಕು, ಇಲ್ಲ ಅನ್ನುವುದು ಎಷ್ಟು ಹೊತ್ತಿನ ಕೆಲಸ, ಇಲ್ಲ, ನಮ್ಮ ಓಣಿಯಲ್ಲಿ ಯಾರೂ ಇಲ್ಲ, ತುಟಿ ತೆರೆದಿದೆ, ಕಿಟಕಿಯಾಚೆ ಅವನು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಾನೆ, ಆ ಸಂಜೆಯೂ ತಲೆ ಎತ್ತಿದ್ದ, ನಗುತ್ತಿದ್ದ, ಎಷ್ಟು ವರ್ಷದ ಮೇಲೆ ಅವನ ಹಲ್ಲು ನೋಡಿದ್ದೆ, ಬಂದೂಕಿನ ನಳಿಗೆ ಆಕಾಶಕ್ಕೆ, ಅಶ್ಜಾನ್ ಅವನ ಲುಂಗಿಯ ಅಂಚು ಹಿಡಿದು ಜಿಗಿಯುತ್ತಿದ್ದಾಳೆ, ಒಂದು ಕೈಯಲ್ಲಿ ಒಂದು ಕಿವಿ ಮುಚ್ಚಿಕೊಂಡು, ಇನ್ನೊಂದು ಕಿವಿ ಹಾಗೇ ಬಿಟ್ಟು, ಇನ್ನೊಂದ್ಸಲ ಅಪ್ಪಾ, ಇನ್ನೊಂದೇ ಸಲ —